ನಾಟಕದೊಳಗೆ ಬಂದ ಅಧ್ಯಕ್ಷರು

ಷಣ್ಮುಖಪ್ಪನವರಿಗೆ ಅಜ್ಜಂಪುರದಲ್ಲಿ ಗೊಬ್ಬರದ ಅಂಗಡಿ ಇತ್ತು. ಗೊಬ್ಬರ ಮಾರುವವನ ಕೊರಳಿಗೆ ಸಭೆಯಲ್ಲಿ ಹಾರ ಬೀಳುವುದಿಲ್ಲವೆಂದು ತಿಳಿದ ಮೇಲೆ ಅವರು ಪಿಯು ಕಾಲೇಜು ತೆರೆದು ಅದರ ಅಧ್ಯಕ್ಷರಾದರು. ಆಮೇಲೆ ಹಾರಕ್ಕೆ ಕೊರತೆಯಾಗಲಿಲ್ಲ, ತರಿಸುತ್ತಿದ್ದವರೂ ಅವರೇ. ತರೀಕೆರೆ, ಕಡೂರಿನಲ್ಲೂ ಒಂದೊಂದು ಶಾಖೆ ಎದ್ದಿತು. ಮೂರೂ ಕಟ್ಟಡಗಳ ನೆತ್ತಿಯ ಮೇಲಿನ ಫಲಕದಲ್ಲಿ ಅವರದೇ ಮುಖ, ಕೈ ಮುಗಿದುಕೊಂಡು, ಬಿಸಿಲಿಗೆ ಬಣ್ಣಗೆಟ್ಟು ನಿಂತಿತ್ತು.

ಆ ವರ್ಷದ ವಾರ್ಷಿಕೋತ್ಸವಕ್ಕೆ ದ್ವಿತೀಯ ಪಿಯು ಕಲಾ ವಿಭಾಗದವರು ನಾಟಕ ಆಡಬೇಕೆಂದಾಯಿತು. ಸೈನ್ಸಿನವರಿಗೆ ಓದುವುದಿರುತ್ತದೆ, ಕಲಾ ವಿಭಾಗದವರಿಗೆ ಏನಿರುತ್ತದೆ ಎಂಬುದು ಆಡಳಿತ ಮಂಡಳಿಯ ತಿಳುವಳಿಕೆ.

ನಾಟಕ ಬರೆದವಳು ಕೃತಿಕಾ. ಬೀರೂರಿನಿಂದ ದಿನವೂ ರೈಲಿನಲ್ಲಿ ಬರುವ ಹುಡುಗಿ, ಕಂಡದ್ದನ್ನೇ ಬರೆದಿದ್ದಳು. ತುಂಬಿದ ಬೋಗಿಯಲ್ಲಿ ಒಬ್ಬ ಗಂಡಸು ಕಾಲೇಜು ಹುಡುಗಿಗೆ ಬೇಕೆಂದೇ ಮೈ ತಾಗಿಸುತ್ತಾ ನಿಲ್ಲುತ್ತಾನೆ. ಅವಳು ಚೈನು ಎಳೆಯುತ್ತಾಳೆ. ರೈಲು ನಿಂತಾಗ ಬೋಗಿಯವರೆಲ್ಲ ಸೇರಿ ಬೈಯುವುದು ಅವಳನ್ನೇ, ತಮಗೆ ತಡವಾಯಿತೆಂದು. ಕನ್ನಡ ಉಪನ್ಯಾಸಕ ವಿಶ್ವನಾಥ್ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು.

"ಒಂದಕ್ಷರ ಬದ್ಲಾಯಿಸ್ಬೇಡ ಕಣಮ್ಮ," ಎಂದರು.

ಮರುವಾರ ತಾಲೀಮಿಗೆ ಷಣ್ಮುಖಪ್ಪನವರು ಬಂದರು. ಪೂರ್ತಿ ನೋಡಿ, ಗಂಟಲು ಸರಿಮಾಡಿಕೊಂಡರು.

"ನಾಟ್ಕ ಚೆನ್ನಾಗೈತೆ. ಆದ್ರೆ ಚೈನು ಎಳೆಯೋದು ತಪ್ಪಲ್ವೇನಮ್ಮ? ನಮ್ ಕಾಲೇಜು ಮಕ್ಳು ತಪ್ಪು ಮಾಡೋದು ತೋರ್ಸಬಾರ್ದು. ನಾನ್ ಹೇಳ್ಕಬಾರ್ದು, ಆದ್ರೂ ಹೇಳ್ತೀನಿ, ನಮ್ದು ಕಾಲೇಜು ಬಸ್ ಐತಲ್ಲ. ಆ ಹುಡ್ಗಿ ಅಳ್ತಾ ನಿಂತಿರೋವಾಗ ಒಬ್ರು ಮಹನೀಯರು ಬಂದು, 'ನಾಳೆಯಿಂದ ನಮ್ ಬಸ್ಸಲ್ಲಿ ಬಾ ಮಗಳೇ' ಅನ್ಲಿ. ಹೆಂಗೆ?"

"ಅದ್ಭುತ ಸರ್," ಎಂದರು ವಿಶ್ವನಾಥ್. ಒಂದಕ್ಷರ ಬದಲಾಯಿಸಬೇಡ ಎಂದಿದ್ದ ಬಾಯಿಯೇ ಅದು. ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ ಎಂಬುದು ನಿಜ. ಆದರೆ ಬೆನ್ನು ಮಾತ್ರ ಕಾಯಂ ಆಗಿ ಬಾಗಿತ್ತು.

ಮಹನೀಯರು ಮೊದಲು ಒಂದು ದೃಶ್ಯಕ್ಕೆ ಬಂದರು. ನಂತರ ಅವರ ಬಾಲ್ಯ ಬಂತು, ಬಡತನ ಬಂತು, ಬೀದಿ ದೀಪದ ಕೆಳಗಿನ ಓದು ಬಂತು. ಷಣ್ಮುಖಪ್ಪನವರು ಓದನ್ನು ಎಂಟನೇ ತರಗತಿಗೇ ಬಿಟ್ಟದ್ದು ಮಾತ್ರ ಬರಲಿಲ್ಲ. ಚೈನು ಎಳೆಯುವ ಹುಡುಗಿ ಕೊನೆಗೆ ಅವರಿಗೆ ಆರತಿ ಎತ್ತುವ ಹುಡುಗಿಯಾದಳು.

ಕೃತಿಕಾ ಬರೆದದ್ದನ್ನೆಲ್ಲ ಹರಿದುಹಾಕುತ್ತೇನೆಂದು ಹೊರಟಳು. ತಡೆದವನು ಮಹನೀಯರ ಪಾತ್ರ ಬಿದ್ದಿದ್ದ ಸಹಪಾಠಿ ಫೈಜಲ್.

"ಬಿಡೇ, ಹರೀಬೇಡ. ಅವ್ರು ಪಾತ್ರ ತಾನೇ ಕೇಳಿರೋದು? ಕೊಡಾಣ. ಪೂರ್ತಿ ಕೊಡಾಣ."

ಫೈಜಲ್ ಯಾರನ್ನಾದರೂ ಹತ್ತು ನಿಮಿಷ ನೋಡಿದರೆ ಸಾಕು, ಅವರಂತೆಯೇ ನಡೆಯುತ್ತಿದ್ದ. ವಾರ್ಷಿಕೋತ್ಸವದ ದಿನ ಅಜ್ಜಂಪುರದ ವೇದಿಕೆಯ ಮೇಲೆ ಅವನು ಶಾಲು ಕೊಡವಿ, ಗಂಟಲು ಸರಿಮಾಡಿಕೊಂಡು, "ನಾನ್ ಹೇಳ್ಕಬಾರ್ದು, ಆದ್ರೂ ಹೇಳ್ತೀನಿ" ಎಂದಾಗ ಪೆಂಡಾಲೇ ಹಾರಿಹೋಗುವಂತೆ ಜನ ನಕ್ಕರು. ಅಳುವ ಹುಡುಗಿಯ ತಲೆಯ ಮೇಲೆ ಕೈಯಿಟ್ಟು, ಅವಳನ್ನು ಬಿಟ್ಟು ಫೋಟೋದವನನ್ನು ಹುಡುಕಿದ. ಪೋಷಕರು ಹೊಟ್ಟೆ ಹಿಡಿದುಕೊಂಡರು. ವಿಶ್ವನಾಥ್ ಕೂಡ ನಗುತ್ತಿದ್ದರು.

ಪರದೆಯ ಸಂದಿಯಿಂದ ಕೃತಿಕಾ ಮುಂದಿನ ಸಾಲನ್ನೇ ನೋಡುತ್ತಿದ್ದಳು. ಈಗ ಏಳುತ್ತಾರೆ, ಈಗ ಮುಖ ಕಪ್ಪಿಡುತ್ತದೆ ಎಂದು ಕಾದಳು. ಷಣ್ಮುಖಪ್ಪನವರ ಮುಖ ಅರಳಿತ್ತು! ಎದ್ದು ನಿಂತು, ಸುತ್ತ ತಿರುಗಿ ಜನರಿಗೆಲ್ಲ ಕೈ ಮುಗಿದರು. ನಾಟಕ ಮುಗಿದಾಗ ವೇದಿಕೆಗೆ ಬಂದು ಫೈಜಲ್‌ನ ತಲೆಯ ಮೇಲೆ ಕೈಯಿಟ್ಟು ಫೋಟೋದವನನ್ನು ಹುಡುಕಿದರು.

"ಜನ ಎಷ್ಟ್ ಪ್ರೀತಿ ಮಡಗವ್ರೆ ನೋಡ್ರಿ! ತರೀಕೆರೆ, ಕಡೂರಲ್ಲೂ ಇದನ್ನೇ ಆಡ್ಸಿ."

ಕೃತಿಕಾಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಒಬ್ಬರಿಗೆ ಅವಮಾನ ಮಾಡಬೇಕೆಂದರೂ ಅದು ಅರ್ಥವಾಗುವಷ್ಟು ಬುದ್ಧಿ ಅವರಿಗಿರಬೇಕು. ಇಲ್ಲಿ ಅದೂ ಇರಲಿಲ್ಲ.

ಅವಳು ಬಣ್ಣದ ಕೋಣೆಯಲ್ಲಿ ಸಾಮಾನು ತುಂಬುತ್ತಿದ್ದಾಗ ಅಧ್ಯಕ್ಷರ ಹೆಂಡತಿ ಗುರುಶಾಂತಮ್ಮ ಒಳಗೆ ಬಂದರು. ಕಣ್ಣು ಕೆಂಪಗಿತ್ತು. ಈಯಮ್ಮನಿಗೆ ಅರ್ಥವಾಗಿದೆ ಎಂದು ಕೃತಿಕಾ ಹೆದರಿ ಎದ್ದು ನಿಂತಳು. ಗುರುಶಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಾಗಲೇ ತಿಳಿದದ್ದು, ಅವು ನಕ್ಕು ನಕ್ಕು ಕೆಂಪಾದ ಕಣ್ಣುಗಳು.

"ನೀನೇನವ್ವ ಬರ್ದಿದ್ದು? ಚೆನ್ನಾಗೈತೆ. ಆದ್ರೆ ಅರ್ಧ ಬಿಟ್ಬಿಟ್ಟಿದೀಯ."

"ಏನ್ ಬಿಟ್ಟಿದೀನಿ ಅಮ್ಮ?"

"ಭಾಷಣದ ಹಿಂದಿನ್ ದಿನ ನಮ್ ಯಜಮಾನ್ರು ಬನೀನಲ್ಲಿ ಕನ್ನಡಿ ಮುಂದೆ ನಿಂತ್ಕಂತಾರೆ. ಮೈಕಿಗೆ ಬದ್ಲು ಕೈಯಲ್ಲಿ ನನ್ ಲಟ್ಟಣಿಗೆ. ನಾನು ಚಪಾತಿ ಹಿಟ್ಟು ಬಿಟ್ಟು ಬಂದು, ಮಂಚದ ಮೇಲೆ ಕೂತು ಚಪ್ಪಾಳೆ ಹೊಡೀಬೇಕು. ಮೆಲ್ಲಗೆ ಹೊಡೆದ್ರೆ ಮೊದ್ಲಿಂದ ಶುರು." ಬಾಗಿಲವರೆಗೆ ಹೋದವರು ತಿರುಗಿದರು. "ತರೀಕೆರೆಗೆ ನಾನೂ ಬತ್ತೀನಿ."

ತರೀಕೆರೆಯ ಶಾಖೆಯಲ್ಲಿ ಫೈಜಲ್ ಬನೀನು ಹಾಕಿಕೊಂಡು, ಲಟ್ಟಣಿಗೆ ಹಿಡಿದು ಬಂದ. ಜನ ಇಲ್ಲೂ ನಕ್ಕರು. ಷಣ್ಮುಖಪ್ಪನವರೂ ಅರ್ಧ ನಕ್ಕರು. ಆ ನಗು ಬಾಯಲ್ಲೇ ನಿಂತುಬಿಟ್ಟಿತು. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಮಾಡಿದ್ದು ಈ ಹುಡುಗನಿಗೆ ಹೇಗೆ ಗೊತ್ತು? ಅವರು ಮೆಲ್ಲಗೆ ಪಕ್ಕಕ್ಕೆ ತಿರುಗಿದರು. ಗುರುಶಾಂತಮ್ಮ ನೆಟ್ಟಗೆ ಕೂತು, ವೇದಿಕೆಯನ್ನೇ ನೋಡುತ್ತಾ, ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದರು. ಅಷ್ಟು ಜೋರಾಗಿ ಮನೆಯಲ್ಲಿ ಯಾವತ್ತೂ ಹೊಡೆದಿರಲಿಲ್ಲ.

ಷಣ್ಮುಖಪ್ಪನವರು ಶಾಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು. ಹಿಂದಿನ ಸಾಲುಗಳ ನಗುವನ್ನು ಈಗ ಅವರು ಬೇರೆಯೇ ಕಿವಿಯಿಂದ ಕೇಳುತ್ತಿದ್ದರು. ಅಜ್ಜಂಪುರದ ನಗುವೂ ಒಟ್ಟಿಗೇ ಕೇಳಿಸಿತೋ ಏನೋ, ಕಿವಿಯವರೆಗೆ ಕೆಂಪಾದರು. ನಾಟಕ ಮುಗಿದಾಗ ವೇದಿಕೆಗೆ ಹೋಗಲಿಲ್ಲ. ಕಾರಿನ ಹತ್ತಿರ ಹೆಂಡತಿ ಬರುವವರೆಗೆ ಒಬ್ಬರೇ ನಿಂತಿದ್ದರು. ಆಕೆ ನಿಧಾನವಾಗಿ, ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಬಂದರು.

ಕಡೂರಿನ ಪ್ರದರ್ಶನ ರದ್ದಾಯಿತು. ವಿದ್ಯಾರ್ಥಿಗಳ ಓದಿಗೆ ತೊಂದರೆಯಾಗುತ್ತದೆ ಎಂದು ಕಾರಣ ಕೊಟ್ಟರು. ಕಲಾ ವಿಭಾಗದವರಿಗೂ ಓದುವುದಿರುತ್ತದೆ ಎಂದು ಆ ಸಂಸ್ಥೆ ಒಪ್ಪಿಕೊಂಡದ್ದು ಅದೇ ಮೊದಲು.

ಮರುದಿನ ವಿಶ್ವನಾಥ್ ಕೃತಿಕಾಳನ್ನೂ ಫೈಜಲ್‌ನನ್ನೂ ಸ್ಟಾಫ್ ರೂಮಿಗೆ ಕರೆಸಿದರು.

"ನನ್ನ ಕೆಲ್ಸಕ್ಕೇ ಕುತ್ತು ತಂದ್ರಲ್ಲೋ! ಅಧ್ಯಕ್ಷರನ್ನ ಆಡ್ಕೊಳ್ತಾ ಇದೀವಿ ಅಂತ ನಂಗೊಂದು ಮಾತು ಹೇಳಬಾರದಿತ್ತಾ?"

ಫೈಜಲ್ ತಲೆ ತಗ್ಗಿಸಿದ. ಕೃತಿಕಾ ತಗ್ಗಿಸಲಿಲ್ಲ.

"ಅಜ್ಜಂಪುರದಲ್ಲಿ ನೀವೂ ನಗ್ತಿದ್ರಲ್ಲ ಸರ್. ಯಾತಕ್ಕೆ ನಗ್ತಿದ್ರಿ?"

ವಿಶ್ವನಾಥ್ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಎಲ್ರೂ ನಗ್ತಿದ್ರಲ್ಲಮ್ಮ... ಅದಕ್ಕೆ."

ಕೃತಿಕಾ ಅವರ ಮುಖ ನೋಡಿದಳು. ಸಿಟ್ಟು ಮಾಡಿಕೊಳ್ಳುವುದಕ್ಕೂ ಅಲ್ಲಿ ಏನೂ ಸಿಗಲಿಲ್ಲ. "ಬರ್ತೀವಿ ಸರ್" ಎಂದು ಹೇಳಿ, ಫೈಜಲ್‌ನನ್ನು ಕರೆದುಕೊಂಡು ಹೊರಗೆ ನಡೆದಳು.