ಐದಕ್ಕೆ ಐದು

ಬಟ್ಟೆ ಕಾರ್ಖಾನೆಯಲ್ಲಿ ತಪ್ಪು ಹುಡುಕುವುದೇ ಕಣ್ಣಕ್ಕನ ಕೆಲಸ. ಬಿಟ್ಟುಹೋದ ಹೊಲಿಗೆ, ಸೊಟ್ಟ ಕಾಲರು, ಜೋತುಬಿದ್ದ ದಾರ, ಎಲ್ಲವನ್ನೂ ಎಣಿಸಿ ಚೀಟಿಯಲ್ಲಿ ಅಂಕಿ ಬರೆಯಬೇಕು. ಸೊನ್ನೆ ಬಂದರೆ ಅಂಗಿ ಪಾಸು, ಐದು ಬಂದರೆ ಬುಟ್ಟಿಗೆ. ಹಳ್ಳಿ ಬಿಟ್ಟು ಬಂದು ಒಂಬತ್ತು ವರ್ಷ ಇದನ್ನೇ ಮಾಡಿದ್ದರಿಂದ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು.

ಕಾರ್ಖಾನೆಯ ಹಾಸ್ಟೆಲಿನಲ್ಲಿ ಇಪ್ಪತ್ತೆರಡು ಹೆಂಗಸರಿಗೆ ಒಂದೇ ಕಕ್ಕಸು. ಸರದಿಯಲ್ಲಿ ನಿಂತು ಕುಣಿಯುವ ಭಯಕ್ಕೆ ಯಾರೂ ಸರಿಯಾಗಿ ನೀರು ಕುಡಿಯುತ್ತಿರಲಿಲ್ಲ. ಕಣ್ಣಕ್ಕನ ಕಿಡ್ನಿಯಲ್ಲಿ ಆಗಲೇ ಎರಡು ಕಲ್ಲು. ದಿನಕ್ಕೆ ಮೂರು ಲೀಟರ್ ಕುಡಿಯಿರಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಹೊರಗೆ ಬಿಡುವುದೆಲ್ಲಿ ಎಂದು ಬರೆದಿರಲಿಲ್ಲ. ಇನ್ನೊಂದು ಕಕ್ಕಸು ಆಗದಿದ್ದರೆ ಅವಳು ಕೆಲಸ ಬಿಟ್ಟು ಗಂಟುಮೂಟೆ ಕಟ್ಟಬೇಕಿತ್ತು.

ಅಂಥ ಹೊತ್ತಿಗೆ, ದುಡಿಯಲು ಬಂದ ಹೆಂಗಸರ ಬದುಕಿನ ಗುಣಮಟ್ಟ ಅಳೆಯಲು ಸಮೀಕ್ಷೆಯ ಮೇಡಂ ಬಂದರು.

"ಸೊನ್ನೆಯಿಂದ ಐದರವರೆಗೆ ಅಂಕ ಕೊಡಿ. ಯಾವ ಹಾಸ್ಟೆಲ್ ತೀರಾ ಕೆಟ್ಟದಾಗಿದೆಯೋ ಅಲ್ಲಿಗೆ ಎರಡು ಹೊಸ ಕಕ್ಕಸು," ಎಂದು ಹಾಳೆಗಳನ್ನು ಹಂಚಿ, ವಾರ್ಡನ್ ಕೋಣೆಗೆ ಚಹಾ ಕುಡಿಯಲು ಹೋದರು.

"ಗುಣಮಟ್ಟ ಅಂದ್ರೆ ನಮ್ಮ ಕಸುಬೇ ಕಣ್ರೇ," ಕಣ್ಣಕ್ಕ ತೋಳು ಮಡಚಿದಳು. "ಕೈ ಬಿಗಿ ಹಿಡೀಬೇಡಿ. ಇರೋ ತಪ್ಪೆಲ್ಲಾ ಬರೀರಿ."

"ಕಕ್ಕಸಿಗೆ ಐದು ಸಾಲಲ್ಲ ಅಕ್ಕಾ, ಏಳು ಹಾಕ್ಲಾ?" ಕೇಳಿದಳು ಗುಂಡಿ ಹೊಲಿಯುವ ಗಿಡ್ಡಿ.

"ಐದೇ ಹಾಕೇ. ಐದಾದ್ರೆ ಸಾಕು, ಬುಟ್ಟಿಗೆ ಬೀಳುತ್ತೆ."

ನಿದ್ದೆಗೆ ಐದು, ಗಾಳಿಗೆ ಐದು, ಊಟಕ್ಕೆ ಐದು. ವರ್ಷಗಟ್ಟಲೆ ನುಂಗಿಕೊಂಡದ್ದನ್ನೆಲ್ಲ ಕಾರಿಕೊಂಡ ಹಾಗೆ ಎಲ್ಲರಿಗೂ ಹಗುರವಾಯಿತು.

ತಿಂಗಳಾದ ಮೇಲೆ ಶಾಮಿಯಾನ ಬಂತು, ಮೈಕು ಬಂತು, ಮೇಡಂ ಜೊತೆ ಮಾಲೀಕರೂ ಬಂದರು. ಇವರ ಹಾಸ್ಟೆಲಿಗೆ ಅತ್ಯಂತ ಸುಖವಾಗಿರುವ ಹಾಸ್ಟೆಲ್ ಎಂಬ ಪ್ರಶಸ್ತಿ! ಕಣ್ಣಕ್ಕ ಎದ್ದು ನಿಂತೇಬಿಟ್ಟಳು.

"ಮೇಡಂ, ಅದು ಸುಖ ಅಲ್ಲ, ತಪ್ಪಿನ ಲೆಕ್ಕ! ಐದೈದು ತಪ್ಪು!"

"ಐದು ಅಂದ್ರೆ ಪೂರ್ತಿ ತೃಪ್ತಿ ಅಂತ ಹಾಳೆ ಕೆಳಗೇ ಬರೆದಿತ್ತಲ್ಲಮ್ಮಾ."

"ನಿಮಿಷಕ್ಕೊಂದು ಅಂಗಿ ನೋಡೋರು ನಾವು. ಕೆಳಗೆಲ್ಲಾ ಓದ್ತಾ ಕೂತ್ರೆ ಆಗುತ್ತಾ?"

ಮಾಲೀಕರು ಹೊಟ್ಟೆ ಹಿಡಿದು ನಕ್ಕರು. ಮೇಡಂ ನಗಲಿಲ್ಲ, ಅವರಿಗೆ ನಿಜಕ್ಕೂ ಕನಿಕರವಾಗಿತ್ತು. "ವರದಿ ಅಚ್ಚಾಗಿಹೋಗಿದೆಯಲ್ಲಮ್ಮಾ. ಎದುರು ಹಾಸ್ಟೆಲಿನ ಪ್ಯಾಕಿಂಗ್ ಹೆಂಗಸರು ಪಾಪ, ಎಲ್ಲಕ್ಕೂ ಒಂದೊಂದೇ ಅಂಕ ಕೊಟ್ಟಿದ್ದಾರೆ. ಎರಡು ಕಕ್ಕಸೂ ಅಲ್ಲಿಗೇ ಮಂಜೂರು." ಆಮೇಲೆ, ಇಷ್ಟು ಧೈರ್ಯವಾಗಿ ಮಾತಾಡುವ ಹೆಂಗಸನ್ನು ಮೆಚ್ಚಿ, ಪುಸ್ತಕ ತೆಗೆದು ಬರೆದುಕೊಂಡರು: ಮಾತಿನ ಸ್ವಾತಂತ್ರ್ಯ, ಐದು.

ಎದುರಿನ ಕಕ್ಕಸುಗಳ ಸಿಮೆಂಟು ಒಣಗಿದ ದಿನ ಬೆಳಿಗ್ಗೆ ಕಣ್ಣಕ್ಕ ಒಂದು ಚೊಂಬು ನೀರು ಗಟಗಟ ಕುಡಿದಳು. ಬಕೆಟ್ ಹಿಡಿದು ರಸ್ತೆ ದಾಟಿದಳು. ಹಿಂದೆಯೇ ಇಪ್ಪತ್ತೊಂದು ಬಕೆಟ್.

ಪ್ಯಾಕಿಂಗಿನ ದಪ್ಪಕ್ಕ ಬಾಗಿಲಿಗೆ ಅಡ್ಡ ನಿಂತಳು. "ಏನ್ರೇ, ಪ್ರಶಸ್ತಿ ತಗೊಂಡೋರು! ಅಷ್ಟು ಸುಖವಾಗಿರೋರಿಗೆ ಇಲ್ಲೇನು ಕೆಲ್ಸ?"

"ಸುಖ ತಡಕೊಳ್ಳೋಕೆ ಆಗ್ತಿಲ್ಲ ಕಣೇ," ಎಂದಳು ಕಣ್ಣಕ್ಕ. "ಜರುಗು ಬೇಗ."