ಮಾವಿಸ್‌ಗೆ ಯಾರೋ ಏನೋ ಹಾಕಿದ್ದಾರೆ

ನಮ್ಮ ಹೈಸ್ಕೂಲಿನ ಹಿಂಬದಿಯಲ್ಲಿ, ವಿಜ್ಞಾನದ ಕೊಠಡಿಗಳಿಗೂ ರೈಲು ಹಳಿಗೂ ನಡುವೆ ಒಂದು ತುಂಡು ಹೊಲವಿದೆ. ಸಿಡ್ನಿಯ ಪಶ್ಚಿಮದ ಈ ಬಡಾವಣೆಯಲ್ಲಿ ಮನೆಗಳೆಲ್ಲ ಒಂದರ ಮೈಗೆ ಇನ್ನೊಂದು ಅಂಟಿಕೊಂಡು ನಿಂತಿರುವಾಗ ಅಷ್ಟು ಹಸಿರು ಉಳಿದದ್ದು ನೊಯೆಲೀನ್ ಪ್ರಾಟನ್‌ಳ ಹಟದಿಂದ. ಅವಳು ಮಕ್ಕಳಿಗೆ ಕೃಷಿ ಕಲಿಸುತ್ತಾಳೆ, ನಾನು ಇತಿಹಾಸ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಮೇಜು ಎದುರುಬದುರು.

ಹೊಲದಲ್ಲಿ ಕೋಳಿಗಳಿವೆ, ತರಕಾರಿ ಪಾತಿಗಳಿವೆ, ಕೆಲವು ಕುರಿಗಳಿವೆ. ಆ ವರ್ಷ ಮಾವಿಸ್ ಎಂಬ ಹೆಣ್ಣು ಕುರಿಯನ್ನು ಈಸ್ಟರ್ ಹೊತ್ತಿನ ಕೃಷಿ ಮೇಳದ ಸ್ಪರ್ಧೆಗೆ ಸಜ್ಜು ಮಾಡುತ್ತಿದ್ದವಳು ಹನ್ನೊಂದನೇ ತರಗತಿಯ ರಾನ್ಯಾ ಹದ್ದಾದ್. ಹಗ್ಗ ಹಿಡಿದು ನಡೆಸುವುದು, ಉಣ್ಣೆ ಬಾಚುವುದು, ತೀರ್ಪುಗಾರರ ಮುಂದೆ ಅಲ್ಲಾಡದೆ ನಿಲ್ಲಿಸುವುದು, ಎಲ್ಲ ಅವಳದೇ. ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್ನೂ ಅವಳೇ.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಶಾಲೆಯ ಒಳಾಂಗಣ ಕ್ರೀಡಾಂಗಣದ ಮಾಡು ಸೋರುತ್ತಿತ್ತು. ಮಳೆ ಬಂದರೆ ಹುಡುಗಿಯರು ಬಕೆಟ್‌ಗಳ ನಡುವೆ ಚೆಂಡು ಪುಟಿಸಬೇಕು. ಆಟದ ಮೇಷ್ಟ್ರು ಡೊಮ್ ಕವಲ್ಲಾರೊ ಹೊಸ ಅಂಗಣ ಬೇಕೆಂದು ಪ್ರಿನ್ಸಿಪಾಲರ ಬೆನ್ನು ಬಿದ್ದಿದ್ದ. ಜಾಗ ಎಲ್ಲಿ ಎಂದು ಕೇಳಿದಾಗ ಅವನ ಬೆರಳು ಹೊಲದ ಕಡೆ ಹೋಗಿತ್ತು. ಅಂದಿನಿಂದ ನೊಯೆಲೀನ್ ಅವನಿಗೆ ಗುಡ್ ಮಾರ್ನಿಂಗ್ ಹೇಳುವುದನ್ನೂ ಬಿಟ್ಟಿದ್ದಳು.

ಮೇಳ ಹತ್ತಿರವಿದ್ದ ಒಂದು ಸೋಮವಾರ ಬೆಳಿಗ್ಗೆ ಮಾವಿಸ್ ಕೊಟ್ಟಿಗೆಯಲ್ಲಿ ಮಲಗಿಬಿಟ್ಟಿತ್ತು. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಮೆಲುಕು ನಿಂತಿತ್ತು, ಹಲ್ಲು ಕಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಕೊಟ್ಟಿಗೆಯ ಬೇಲಿಯ ಒಳಬದಿಯಲ್ಲಿ ನೊಯೆಲೀನ್‌ಗೆ ಒಂದಿಷ್ಟು ಕಣಗಿಲೆ ಎಲೆ ಸಿಕ್ಕಿತು.

"ಯಾರೋ ಬೇಕೂಂತ ವಿಷ ಹಾಕಿದಾರೆ," ಎಂದಳು.

"ಗಾಳಿಗೆ ಹಾರಿ ಬಂದಿರಬಹುದಲ್ಲ?" ಎಂದೆ ನಾನು.

"ಕೊಟ್ಟಿಗೆಗೆ ಬೀಗ ಇದೆ. ಕೀಲಿ ಇರೋದು ಇಬ್ಬರ ಹತ್ರ. ಒಂದು ನನ್ನ ಹತ್ರ."

ಇನ್ನೊಂದು ಯಾರ ಹತ್ತಿರವೆಂದು ಹೇಳುವ ಮೊದಲೇ ರಾನ್ಯಾ ಓಡಿ ಬಂದಳು. ಕುರಿಯ ಪಕ್ಕ ಮಂಡಿಯೂರಿ ಕೂರುವಷ್ಟರಲ್ಲಿ ನೊಯೆಲೀನ್ ಕೈ ಚಾಚಿದಳು. "ಕೀಲಿ ಕೊಡು."

"ಯಾಕೆ ಮಿಸ್?"

"ಹೊಲ ಹೋದ್ರೆ ಯಾರಿಗೆ ಲಾಭ ಅಂತ ನಂಗೂ ಗೊತ್ತು. ಕೊಡು."

ಗದ್ದಲ ಕೇಳಿ ಬಂದ ಡೊಮ್ ಬೇಲಿಯಾಚೆ ನಿಂತಿದ್ದ. ಬಾಯಿ ತೆರೆದ, ಮತ್ತೆ ಮುಚ್ಚಿದ. ರಾನ್ಯಾ ಕೀಲಿಯನ್ನು ಹುಲ್ಲಿನ ಮೇಲೆ ಬಿಸಾಕಿ ಹೊರಟುಹೋದಳು.

ಅನುಮಾನ ನೆಗಡಿಯಂತೆ, ಪಕ್ಕದಲ್ಲಿ ಕೂತವರಿಗೂ ಅಂಟುತ್ತದೆ. ಡೊಮ್ ದಿನಾ ಬೆಳಿಗ್ಗೆ ಹೊಲದ ಕಡೆಯಿಂದಲೇ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದದ್ದು ನನಗೆ ಆಗ ನೆನಪಾಯಿತು. ಅವನು ಅಲ್ಲಿ ಯಾಕೆ ಹೋಗುತ್ತಿದ್ದ? ಹೇಳಿಬಿಟ್ಟೆ. ನೊಯೆಲೀನ್‌ಳ ಕಣ್ಣು ಕಿರಿದಾಯಿತು. "ಓಹೋ. ಗುರು ಶಿಷ್ಯೆ ಇಬ್ರೂ ಸೇರಿಕೊಂಡೇ ಮಾಡಿದಾರೆ ಹಾಗಾದ್ರೆ."

ಮಧ್ಯಾಹ್ನ ಪಶುವೈದ್ಯೆ ಬಂದಳು. ಕುರಿಯ ಗಂಟಲಿಗೆ ಕೊಳವೆ ಇಳಿಸಿ, ಹೊರಬಂದದ್ದನ್ನು ಮೂಸಿ ನೋಡಿ ಮುಖ ಸಿಂಡರಿಸಿದಳು.

"ಕಣಗಿಲೆ ಆಗಿದ್ರೆ ಇಷ್ಟೊತ್ತಿಗೆ ಸತ್ತೇ ಹೋಗಿರೋದು. ಹುಳಿ ಬಂದಿರೋ ವಾಸನೆ ನೋಡಿ. ಇದು ಬ್ರೆಡ್ಡು. ರಾಶಿ ಬ್ರೆಡ್ಡು ತಿಂದಿದೆ. ನಿಮ್ಮಲ್ಲಿ ಯಾರೋ ಇದನ್ನ ಮುದ್ದು ಮಾಡ್ತಿದಾರೆ."

ಹಸಿದು ಬರುವ ಮಕ್ಕಳಿಗೆ ಶಾಲೆಯಲ್ಲಿ ಬೆಳಿಗ್ಗೆ ತಿಂಡಿ ಕೊಡುತ್ತಾರೆ. ಬ್ರೆಡ್ಡು, ಜಾಮು, ಹಾಲು. ಅದನ್ನು ನೋಡಿಕೊಳ್ಳುವವನು ಡೊಮ್. ನೊಯೆಲೀನ್ ಕೆಸರು ಬೂಟಿನಲ್ಲೇ ಸ್ಟಾಫ್ ರೂಮಿಗೆ ನುಗ್ಗಿದಳು. ಹಿಂದೆಯೇ ನಾನು.

"ಎಷ್ಟು ತಿನ್ನಿಸ್ದೆ?"

ಡೊಮ್‌ನ ಕತ್ತಿನವರೆಗೂ ಕೆಂಪೇರಿತು. "ದಿನಾ ಒಂದೆರಡು ಚೂರು ಅಷ್ಟೆ. ಶುಕ್ರವಾರ ಬಹಳ ಉಳಿದಿತ್ತು. ಇವತ್ತು ಬೆಳಿಗ್ಗೆ ಬೇಗ ಬಂದವನು ಕೊಟ್ಟಿಗೆ ಬೇಲಿ ಸಂದಿಯಿಂದ ಎಲ್ಲಾನೂ ಹಾಕಿಬಿಟ್ಟೆ. ಅದು ನನ್ನ ಕಂಡ್ರೆ ಓಡಿ ಬರುತ್ತೆ ನೊಯೆಲೀನ್. ಇಲ್ಲ ಅಂತ ಹೆಂಗೆ ಹೇಳೋದು?"

"ಹೊಲ ನುಂಗೋಕೆ ಹೊರಟೋನಿಗೆ ಕುರಿ ಮೇಲೆ ಪ್ರೀತಿ ಬೇರೆ!"

"ನಿಜ ಹೇಳಿದ್ರೆ ನೀನು ನಂಬ್ತಿದ್ಯಾ?"

"ಇಲ್ಲ. ಈಗಲೂ ಪೂರ್ತಿ ನಂಬಿಲ್ಲ." ಅವಳ ದನಿ ತಗ್ಗಿತು. "ಆದ್ರೆ ಆ ಹುಡುಗಿ ಹತ್ರ ನಾನು ಕೀಲಿ ಕೇಳ್ದಾಗ ನೀನು ಅಲ್ಲೇ ಇದ್ಯಲ್ಲ ಡೊಮ್. ಸುಮ್ನೆ ನಿಂತಿದ್ಯಲ್ಲ."

ಅಷ್ಟು ಹೇಳಿ ಅವಳು ಕುರ್ಚಿಯಲ್ಲಿ ಕುಸಿದಳು. ಮೊದಲು ಕೈ ಚಾಚಿದವಳು ತಾನೇ ಎಂಬುದು ಆಗ ಅವಳಿಗೆ ಹೊಳೆದಿರಬೇಕು.

ಸಂಜೆ ಅಭ್ಯಾಸದ ಹೊತ್ತಿಗೆ ಇಬ್ಬರೂ ರಾನ್ಯಾಳ ಬಳಿ ಹೋದರು. ತಪ್ಪಾಯಿತೆಂದು ಡೊಮ್ ತಡವರಿಸಿದ. ನೊಯೆಲೀನ್ ನೇರವಾಗಿ ಹೇಳಿದಳು. ಹುಡುಗಿ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಕೇಳಿಸಿಕೊಂಡಳು.

"ಏಳನೇ ಕ್ಲಾಸಿಂದ ನನ್ನ ನೋಡ್ತಿದೀರ ಮಿಸ್," ಎಂದಳು. "ಒಂದು ಮಾತು ಕೇಳಬಹುದಿತ್ತು." ಆಟಕ್ಕೆ ಮರಳಿದಳು.

ಮಾವಿಸ್ ಉಳಿಯಿತು, ಆದರೆ ಬಡಕಲಾಯಿತು, ಮೇಳಕ್ಕೆ ಹೋಗಲಿಲ್ಲ. ರಜೆಯ ನಂತರದ ಸಭೆಯಲ್ಲಿ ಡೊಮ್ ತನ್ನ ಬೇಡಿಕೆ ಹಿಂತೆಗೆದುಕೊಂಡ. ಇದರಲ್ಲೇನೋ ಮಸಲತ್ತಿದೆ ಎಂದು ನೊಯೆಲೀನ್ ನನ್ನ ಕಿವಿಯಲ್ಲಿ ಉಸುರಿದಳು. ವಿದ್ಯಾರ್ಥಿಗಳ ಪರವಾಗಿ ಬಂದಿದ್ದ ರಾನ್ಯಾ ಎದ್ದು, ಯಾರೂ ಆಡದ ಟೆನಿಸ್ ಅಂಗಣಕ್ಕೇ ಮಾಡು ಹಾಕಿಸಬಾರದೇಕೆ ಎಂದು ಕೇಳಿದಳು. ಯಾರಿಗೂ ಅದು ತೋಚಿರಲಿಲ್ಲ. ಪ್ರಿನ್ಸಿಪಾಲರು ಇಲಾಖೆಗೆ ಬರೆದರು, ಒಪ್ಪಿಗೆಯೂ ಬಂತು.

ಹೊಲದ ಕಡೆಗೆ ಮಾತ್ರ ರಾನ್ಯಾ ಸುಳಿಯಲಿಲ್ಲ. ಗೊರಸು ಬೆಳೆದು ಕುರಿಗಳು ಕುಂಟತೊಡಗಿದವು. ಚಳಿಗಾಲದ ಒಂದು ಮಧ್ಯಾಹ್ನ ನೊಯೆಲೀನ್ ಒಬ್ಬಳೇ ಮಾವಿಸ್‌ನೊಂದಿಗೆ ಗುದ್ದಾಡುತ್ತಿದ್ದುದನ್ನು ಕಂಡು ರಾನ್ಯಾ ಬೇಲಿ ದಾಟಿ ಬಂದಳು. ಗೊರಸು ಕತ್ತರಿಸುವ ಕತ್ತರಿ ಎತ್ತಿಕೊಂಡಳು. ಮೂರು ಕಾಲು ಮುಗಿಸಿ ನಾಲ್ಕನೆಯದಕ್ಕೆ ಬಂದಳು.

"ಗಟ್ಟಿಯಾಗಿ ಹಿಡ್ಕೊಳ್ಳಿ ಮಿಸ್," ಎಂದಳು ಕೊನೆಗೆ, ತಲೆಯೆತ್ತದೆ. "ಒದ್ದುಬಿಟ್ರೆ, ಅದಕ್ಕೆ ನಾನೇ ಹೇಳ್ಕೊಟ್ಟೆ ಅಂತೀರ."

ನೊಯೆಲೀನ್ ನಗಲು ಹೋದಳು, ನಗು ಬರಲಿಲ್ಲ. ಕುರಿಯ ಕಾಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.