ಟಿವಿ ಡಾಕ್ಟರು ಬರುವ ಮಂಗಳವಾರ

ಎದೆಗೆ ಕಟ್ಟಿದ್ದ ಬಟ್ಟೆ ಅಂಟಿಕೊಂಡಿತ್ತು. ಕಸ್ತೂರೆವ್ವ ಬೆಚ್ಚಗಿನ ನೀರು ಸುರಿದು, ನೆನೆಯಲು ಬಿಟ್ಟು, ಮೆಲ್ಲಗೆ ಬಿಡಿಸಿದಳು. ಸೀರೆಯ ಮರೆಯಲ್ಲಿ ಸುಂದ್ರವ್ವನ ಹೆಣಕ್ಕೆ ನೀರು ಹಾಕುತ್ತಿದ್ದ ಹೆಂಗಸರು ಮುಖ ತಿರುಗಿಸಿದರು.

“ಇಷ್ಟ ಆಗೂತನಾ ಯಾರಿಗೂ ಹೇಳಲಿಲ್ಲೇನ ಆಕಿ?” ನೆರೆಮನೆಯ ಲಕ್ಷ್ಮಿಬಾಯಿ ಕೇಳಿದಳು.

“ಗಂಟು ಗೋಲಿಯಷ್ಟ ಇದ್ದಾಗನ ನನಗ ಹೇಳಿದ್ಲು,” ಎಂದಳು ಕಸ್ತೂರೆವ್ವ.

ಮರೆಯ ಆಚೆಯಿಂದ ಸುಂದ್ರವ್ವನ ಗಂಡ ದುರಗಪ್ಪನ ದನಿ ಬಂತು. “ನಿಮ್ಮ ಮಾತ ಕೇಳಿ ಮೂರ ಮಂಗಳವಾರ ಹೋದ್ಲಲ್ರಿ ಬಾಯಾರ. ಏನಾತ್ರಿ?”

ಕಸ್ತೂರೆವ್ವ ಬಟ್ಟೆಯನ್ನು ಬುಟ್ಟಿಗೆ ಹಾಕಿದಳು.

*

ಎರಡು ವರ್ಷದ ಹಿಂದೆ ನಿಪ್ಪಾಣಿಯ ಆ ಓಣಿಗೆ ಆಶಾ ಕಾರ್ಯಕರ್ತೆಯಾಗಿ ಮನೆಮನೆ ತಿರುಗಿ, ಎದೆಯಲ್ಲಿ ಗಂಟಿದ್ದರೆ ಮುಚ್ಚಿಡಬೇಡಿ ಎಂದವಳು ಕಸ್ತೂರೆವ್ವನೇ. ದವಾಖಾನೆಗೆ ಆಗಷ್ಟೇ ಕಂಪ್ಯೂಟರು, ಕ್ಯಾಮೆರಾ ಬಂದಿದ್ದವು. ಮಂಗಳವಾರ ದೂರದೂರಿನ ಡಾಕ್ಟರು ಪರದೆಯ ಮೇಲೆ ಕಾಣಿಸಿಕೊಳ್ಳುತ್ತಿದ್ದರು.

“ಟಿವಿ ಮುಂದ ರವಿಕಿ ಬಿಚ್ಚಲ್ಯಾ?” ಬೀಡಿ ಸುತ್ತುವುದನ್ನು ನಿಲ್ಲಿಸಿ ಸುಂದ್ರವ್ವ ಕೇಳಿದ್ದಳು.

“ಹೆಣ್ಣ ಡಾಕ್ಟರ ಅದಾರ ಬೇ. ಬಾಜೂಕ ನಾ ನಿಂತಿರ್ತೀನಿ.”

ಮೊದಲ ಮಂಗಳವಾರ ಕರೆಂಟು ಇರಲಿಲ್ಲ. ಎರಡನೆಯದಕ್ಕೆ ಡಾಕ್ಟರಮ್ಮನ ತುಟಿ ಅಲುಗಾಡಿತು, ಮಾತು ಕೇಳಲಿಲ್ಲ. ಮೂರನೆಯದಕ್ಕೆ ಎಲ್ಲವೂ ಸರಿಯಿತ್ತು. ಸುಂದ್ರವ್ವ ಕಣ್ಣು ಮುಚ್ಚಿ ರವಿಕೆ ಬಿಚ್ಚಿದಳು. ಅಷ್ಟರಲ್ಲಿ ಪರದೆಯ ಮೇಲಿನ ಚಿತ್ರ ನಿಂತುಹೋಯಿತು. ಯಂತ್ರ ನೋಡಿಕೊಳ್ಳುವವನು ವೈರು ಸರಿಮಾಡಲು ಕೇಳದೇ ಒಳಗೆ ನುಗ್ಗಿದ. ಸುಂದ್ರವ್ವ ಸೆರಗು ಅವುಚಿಕೊಂಡು ಹೊರಗೋಡಿದಳು.

“ಸತ್ತರೂ ಅಲ್ಲಿಗೆ ಬರಂಗಿಲ್ಲ.”

ನೇರವಾಗಿ ಬೆಳಗಾವಿಯ ದೊಡ್ಡ ದವಾಖಾನೆಗೆ ಕಳಿಸಿ ಎಂದು ಕಸ್ತೂರೆವ್ವ ನರ್ಸಮ್ಮನ ಮುಂದೆ ಗೋಗರೆದಳು. “ಕಂಪ್ಯೂಟರನ್ಯಾಗ ಡಾಕ್ಟರು ಬರಕೊಟ್ರ ಮಾತ್ರ ಚೀಟಿ ಕೊಡಾಕ ಬರ್ತೈತಿ,” ಎಂಬ ಉತ್ತರ ಬಂತು. ಯಂತ್ರ ಕೈಕೊಡುತ್ತದೆ ಎಂದು ಮೇಲಿನವರಿಗೆ ಅರ್ಜಿ ಬರೆದಳು. ಯಂತ್ರ ಸುಸ್ಥಿತಿಯಲ್ಲಿದೆ ಎಂದು ಮೂರು ತಿಂಗಳಿಗೆ ಕಾಗದ ಬಂತು. ತಾನೇ ಕರೆದೊಯ್ಯುತ್ತೇನೆಂದರೆ ಸುಂದ್ರವ್ವ ಬೀಡಿಯ ಮೊರದಿಂದ ತಲೆ ಎತ್ತಲೇ ಇಲ್ಲ.

*

ಗಂಡಸರು ಹೆಣ ಹೊತ್ತು ಹೋದರು. ಹೊರಡಲೆಂದು ಕಸ್ತೂರೆವ್ವ ಎದ್ದಾಗ ಸುಂದ್ರವ್ವನ ಮಗಳು ಸಪನಾ ತಡೆದಳು.

“ಮಾವಶಿ, ಒಂದೀಟ ಒಳಗ ಬರ್ರಿ.”

ಬಾಗಿಲು ಹಾಕಿ, ಗೋಡೆಗೆ ಮುಖ ಮಾಡಿ ನಿಂತಳು. “ನಂದೂ ನೋಡ್ರಿ. ಟಿವಿಯಾಗ ಬ್ಯಾಡ. ಕೈಲೆ ನೋಡ್ರಿ.”

“ನಾ ಡಾಕ್ಟರ ಅಲ್ಲವಾ. ಒಂದ ದಿನ ಟ್ರೇನಿಂಗ್ ಕೊಟ್ಟಾರ, ಅಷ್ಟ.”

“ಅಷ್ಟರ ಗೊತ್ತೈತೆಲ್ರಿ.”

ಕಸ್ತೂರೆವ್ವ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಬಹಳ ಹೊತ್ತು ನೋಡಿದಳು. ಗಂಟೇನೂ ಸಿಗಲಿಲ್ಲ, ತನ್ನ ಬೆರಳನ್ನು ನಂಬಲು ಮಾತ್ರ ಧೈರ್ಯ ಬರಲಿಲ್ಲ.

ಬಾಗಿಲು ತೆರೆದಳು. ಹೆಣಕ್ಕೆ ನೀರು ಹಾಕಿದ ಹೆಂಗಸರೆಲ್ಲ ಹೊರಗೆ ಸಾಲಾಗಿ ನಿಂತಿದ್ದರು. ಮುಂದಿದ್ದ ಲಕ್ಷ್ಮಿಬಾಯಿ ಸೆರಗಿನ ಒಳಗೆ ಆಗಲೇ ರವಿಕೆಯ ಹುಕ್ಕು ಬಿಚ್ಚುತ್ತಿದ್ದಳು.